ಓರೆ ಪದರದ ಕಲ್ಲು

"ಅಷ್ಟೊಂದು ಅನುಮಾನ ಇದ್ರೆ ನೀವೇ ಹೋಗಿ ತನ್ನಿ," ಎಂದರು ಮುಖ್ಯ ಇಂಜಿನಿಯರ್, ಕನ್ನಡಕ ತೆಗೆದು ಒರೆಸುತ್ತ. "ಓರೆ ಪದರದ ಕಲ್ಲು. ಒಡೆಯದೇ ಇರೋ ಒಂದು ಇಡೀ ತುಂಡು. ಸೋಮವಾರ ಬೆಳಗ್ಗೆ ನನ್ನೆದುರಿಗೇ ಯಂತ್ರಕ್ಕಿಟ್ಟು ಒತ್ತಿ ತೋರಿಸಿ. ಇಲ್ಲಾಂದ್ರೆ ಮಧ್ಯಾಹ್ನದ ಪಾಳಿಯಿಂದ ಸುರಂಗದ ತಿರುವಿನ ಕೆಲಸ ಶುರು."

"ತರ್ತೀನಿ," ಎಂದಳು ಕಲ್ಲಕ್ಕ.

"ಬೆಟ್ಟ ಅಗೆದು ಇಲಿ ಹಿಡಿದ ಹಾಗಾದೀತು, ನೋಡ್ಕೊಳ್ಳಿ."

"ಇಲಿ ಸಿಕ್ರೆ ಇಲೀನೇ ತರ್ತೀನಿ ಸಾರ್. ಸೋಮವಾರ ನೀವು ಮಾತ್ರ ಇಲ್ಲೇ ಇರಿ."

ಕೋಣೆಯಲ್ಲಿದ್ದವರು ಕೆಮ್ಮಿನೊಳಗೆ ನಗು ಮುಚ್ಚಿಕೊಂಡರು.

ಕಲ್ಲಕ್ಕ ಅವಳ ನಿಜವಾದ ಹೆಸರಲ್ಲ. ಸುರಂಗದ ಕೆಲಸಕ್ಕೆ ಸೇರಿದ ಪರೀಕ್ಷಾಲಯದಲ್ಲಿ ಕಲ್ಲಿನ ತುಂಡುಗಳನ್ನು ಯಂತ್ರದಲ್ಲಿಟ್ಟು, ಯಾವುದು ಎಷ್ಟು ಭಾರಕ್ಕೆ ಒಡೆಯುತ್ತದೆ ಎಂದು ನೋಡುವುದು ಅವಳ ಕೆಲಸ. ಮನೆಯಲ್ಲಿ ಇಬ್ಬರು ಮಕ್ಕಳು, ಇಲ್ಲಿ ಕಪಾಟಿನ ತುಂಬ ಕಲ್ಲುಗಳು. ಎರಡಕ್ಕೂ ತಾಳ್ಮೆ ಒಂದೇ ಬೇಕು ಎನ್ನುತ್ತಿದ್ದಳು.

ಸುರಂಗ ಕೊರೆಯುತ್ತಿದ್ದ ಬೆಟ್ಟದ ಹೊಟ್ಟೆಯ ತುಂಬ ಪದರಗಲ್ಲು. ಓದಿದವರು ಶೇಲ್ ಎನ್ನುತ್ತಾರೆ. ಎಂದೋ ಹರಿದು ಬಂದ ಕೆಸರು ಹಾಳೆ ಹಾಳೆಯಾಗಿ ಕೂತು, ಒಂದರ ಭಾರಕ್ಕೆ ಒಂದು ಅದುಮಿಕೊಂಡು ಗಟ್ಟಿಯಾದ ಕಪ್ಪು ಕಲ್ಲು. ಅದರ ಸ್ವಭಾವ ತಿಳಿಯಬೇಕಾದರೆ ಬೀರುವಿನಲ್ಲಿ ಮಡಿಸಿಟ್ಟ ಬಟ್ಟೆಯ ರಾಶಿಯನ್ನು ನೆನೆಸಿಕೊಂಡರೆ ಸಾಕು. ಮೇಲಿನಿಂದ ಅಂಗೈಯಿಟ್ಟು ಎಷ್ಟು ಒತ್ತಿದರೂ ರಾಶಿ ಕದಲುವುದಿಲ್ಲ. ಬೀರುವನ್ನೇ ಓರೆ ಮಾಡಿ ಒತ್ತಿದರೆ ಮೇಲಿನ ಬಟ್ಟೆಗಳೆಲ್ಲ ಸರ್ರನೆ ಜಾರಿ ಕಾಲಮೇಲೆ ಬೀಳುತ್ತವೆ. ಬಟ್ಟೆ ಅದೇ, ಕೈಯೂ ಅದೇ, ಬದಲಾದದ್ದು ಓರೆ ಮಾತ್ರ.

ಸುರಂಗದ ಬಾಯಿಯ ಕಡೆ ಪದರಗಳು ಅಡ್ಡಕ್ಕೆ ಮಲಗಿದ್ದವು. ಅಲ್ಲಿನ ತುಂಡುಗಳು ಯಂತ್ರದಲ್ಲಿ ಚೆನ್ನಾಗಿ ತಾಳಿಕೊಂಡಿದ್ದವು. ಮುಂದೆ ಸುರಂಗ ತಿರುಗಬೇಕಾದ ಕಡೆ ಬೆಟ್ಟವೇ ಮಡಚಿಕೊಂಡು ಪದರಗಳು ಓರೆಯಾಗಿದ್ದವು. ಅಲ್ಲಿಂದ ಕೊರೆದು ತೆಗೆದ ಕಲ್ಲೆಲ್ಲ ಕೊರೆಯುವಾಗಲೇ ಚೂರಾಗಿತ್ತು. ಒಡೆದ ತುಂಡನ್ನು ಯಂತ್ರಕ್ಕಿಡಬಾರದು ಎಂಬುದು ಪರೀಕ್ಷಾಲಯದ ಹಳೆಯ ಪದ್ಧತಿ. ಹಾಗಾಗಿ ಚೂರುಗಳನ್ನೆಲ್ಲ ಹಿತ್ತಲಿಗೆ ಸುರಿದು, ಅಪ್ಪಿತಪ್ಪಿ ಗಟ್ಟಿಯಾಗಿ ಉಳಿದದ್ದನ್ನು ಮಾತ್ರ ಒತ್ತಿ, "ಕಲ್ಲು ಗಟ್ಟಿಯಾಗಿದೆ" ಎಂದು ತೀರ್ಮಾನಿಸಿದ್ದರು. ಒಡೆಯದ ಮಡಕೆಯನ್ನಷ್ಟೇ ಲೆಕ್ಕಕ್ಕೆ ಹಿಡಿದು ಕುಂಬಾರನನ್ನು ಹೊಗಳಿದ ಹಾಗೆ. ಹಿತ್ತಲಿನ ಆ ರಾಶಿಯನ್ನು ಕಂಡ ದಿನದಿಂದ ಕಲ್ಲಕ್ಕನಿಗೆ ನಿದ್ದೆ ಹತ್ತಿರಲಿಲ್ಲ.

ಏಕೆಂದರೆ ತಿರುವಿನೊಳಗೆ ಮೊದಲು ಕಾಲಿಡುವವನು ಅವಳ ಅಣ್ಣ. ಅವನು ಸುರಂಗದ ಮೇಸ್ತ್ರಿ. ಸಿಡಿಮದ್ದಿನ ಹೊಗೆ ಇಳಿದ ಮೇಲೆ ಒಬ್ಬನೇ ಹಾರೆ ಹಿಡಿದು ಹೋಗಿ, ಮೇಲಿನ ಕಲ್ಲನ್ನು ತಟ್ಟಿ, ಸದ್ದು ಕೇಳಿ, ಅವನು ಸರಿ ಎಂದ ಮೇಲೆಯೇ ಉಳಿದವರು ಒಳಗೆ ಬರಬೇಕು. ಅದು ಅವನೇ ಹಾಕಿಕೊಂಡ ಕಟ್ಟಳೆ.

"ಪುಟ್ಟಿ, ನಂಗೇನು ಸುರಂಗ ಹೊಸದಾ?" ಎಂದ ಅಣ್ಣ, ಹೊರಗೆ ಅಂಗಳದಲ್ಲಿ. "ತಟ್ಟಿದ್ರೆ ಬೆಟ್ಟ ತಾನಾಗೇ ಮಾತಾಡತ್ತೆ."

"ಅದು ಮಾತಾಡೋದು ನಿನ್ನ ತಲೆಮೇಲೆ ನಿಂತು ಅಲ್ವಾ ಅಣ್ಣ?"

"ಕಲ್ಲು ತರೋಕೆ ಆ ಹೊಳೆಯ ಕಮರಿಗೆ ಹೋಗ್ಬೇಡ. ಜಾಗ ಸರಿಯಿಲ್ಲ."

"ನೀನು ತಿರುವಿಗೆ ಹೋಗ್ಬೇಡ, ನಾನು ಕಮರಿಗೆ ಹೋಗಲ್ಲ. ಆಯ್ತಾ?"

ಅಣ್ಣ ಹೆಲ್ಮೆಟ್ಟಿನ ಪಟ್ಟಿಯನ್ನು ಬಿಗಿ ಮಾಡಿದ, ಸಡಿಲ ಮಾಡಿದ.

ಕಮರಿಯ ಗೋಡೆಯಲ್ಲಿ, ನೀರಿನಿಂದ ಬಹಳ ಮೇಲೆ, ತಿರುವಿನ ಅದೇ ಕಪ್ಪು ಪದರ ಬಯಲಿಗೆ ಬಂದಿತ್ತು. ಹೋದ ಮಳೆಗಾಲದಲ್ಲಿ ಬಂಡೆ ಕುಸಿದು ಹೊಸ ಕಲ್ಲು ತೆರೆದುಕೊಂಡಿತ್ತು. ಅಲ್ಲಿ ಯಂತ್ರದ ಗುದ್ದಾಟವಿಲ್ಲದೆ ಕೈಯಿಂದಲೇ ಕೊಯ್ದರೆ ಒಂದು ತುಂಡು ಇಡಿಯಾಗಿ ಬಂದೀತು ಎಂಬುದು ಅವಳ ಆಸೆ.

ಜೊತೆಗೆ ಬಂದವರು ಇಬ್ಬರು. ಒಬ್ಬರು ಸೋದರಮಾವ. ಹರೆಯದಿಂದ ಬಂಡೆ ಹತ್ತಿದವರು, ಈಗ ಮೊಣಕಾಲು ಹಿಡಿದುಕೊಂಡರೂ ಹಗ್ಗ ಕಂಡರೆ ಕಣ್ಣು ಹೊಳೆಯುವ ಆಸಾಮಿ. ಇನ್ನೊಬ್ಬ ಪರೀಕ್ಷಾಲಯದಲ್ಲಿ ಕಲ್ಲು ಕೊರೆದು ಕೊಡುವವನು. ಎತ್ತಿನಂಥ ಮೈಕಟ್ಟು, ನಿಲ್ಲದೆ ಕೊರೆಯುವ ಬಾಯಿ. ಅದಕ್ಕೇ ಎಲ್ಲರೂ ಅವನನ್ನು ಬೈರಿಗೆ ಎನ್ನುತ್ತಿದ್ದರು. ಹಿತ್ತಲಿಗೆ ಚೂರು ಸುರಿದದ್ದೂ ಅವನ ಕೈಯೇ.

"ಸುರಿ ಅಂದ್ರು, ಸುರಿದೆ," ಎಂದು ದಾರಿಯುದ್ದಕ್ಕೂ ಹೇಳಿದ. "ನಂಗೇನು ಗೊತ್ತಿತ್ತು ಅಕ್ಕ?"

"ಮಾತು ಮನೆ ಕೆಡಿಸ್ತು, ತೂತು ಒಲೆ ಕೆಡಿಸ್ತು ಅಂತಾರೆ," ಎಂದರು ಮಾವ. "ನಿಂದು ಎರಡೂ ಕಸುಬು. ನಡಿ ಮುಂದೆ."

ಕಮರಿಯ ಬಾಯಿಯಲ್ಲಿ ಹೊಳೆ ಸೊಂಟದ ಮಟ್ಟಕ್ಕೆ ಹರಿಯುತ್ತಿತ್ತು. ಒಳಗೆ ಹೋದಂತೆ ಎರಡು ಬದಿಯ ಗೋಡೆಗಳು ಹತ್ತಿರ ಸರಿದು ಆಕಾಶವನ್ನು ಒಂದು ಪಟ್ಟಿಯಷ್ಟಕ್ಕೆ ಕತ್ತರಿಸಿದವು. ಕೆಳಗೆ ಬೂದು ಬಣ್ಣದ ಮರಳುಗಲ್ಲು, ಅದರ ಮೇಲೆ ಕಪ್ಪು ಪದರಗಲ್ಲು. ಸಾವಿರಾರು ಹಾಳೆಗಳ ದಪ್ಪ ಪುಸ್ತಕವನ್ನು ಯಾರೋ ಓದುತ್ತ ಓದುತ್ತ ಓರೆಯಾಗಿ ಇಟ್ಟು ಎದ್ದುಹೋದ ಹಾಗೆ ಅದು ಬಾಗಿ ನಿಂತಿತ್ತು. ಹಾಳೆಗಳ ಸಂದಿನಿಂದ ನೀರು ಜಿನುಗುತ್ತಿತ್ತು. ಎಡಬದಿಯಲ್ಲಿ ಪದರಗಳು ಹೊಳೆಯತ್ತ, ಮನೆಯ ಮಾಡಿನ ಇಳಿಜಾರಿನಂತೆ ಹೊರಕ್ಕೆ ವಾಲಿದ್ದವು. ಬಲಕ್ಕೆ ಗೋಡೆಯಿಂದ ಚಾಚಿದ ಒಂದು ಕಲ್ಲಿನ ಏಣು, ಅದನ್ನು ದಾಟಿದರೆ ಅವೇ ಪದರಗಳು ಬೆಟ್ಟದ ಒಳಕ್ಕೆ ತಲೆಯಿಟ್ಟು ಮಲಗಿದ್ದವು. ಕಲ್ಲಕ್ಕ ಕತ್ತೆತ್ತಿ ಬಹಳ ಹೊತ್ತು ನೋಡಿದಳು. ಹೆದರಿಕೆಯಾಗಬೇಕಿತ್ತು, ಆಗಿದ್ದು ಸಿಟ್ಟು. ಇಷ್ಟು ಢಾಳಾಗಿ ಕಾಣುವುದನ್ನು ಇಷ್ಟು ದಿನ ಒಬ್ಬರೂ ಕಾಣಲಿಲ್ಲವಲ್ಲ!

ಮಾವ ಎಡಬದಿಯಿಂದ ಹತ್ತಿದರು. ದಾರಿ ಅಲ್ಲೇ ಸಲೀಸು. ಅರ್ಧ ಏರಿ, ಎರಡು ಪದರಗಳ ಸಂದು ನೋಡಿ ಕಬ್ಬಿಣದ ಗೂಟವನ್ನು ಬಡಿದರು. ಅದು ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು.

"ಆಹಾ! ಏನು ಮೃದು!" ಎಂದರು ಮಾವ.

"ಮಾವಾ, ಅದಕ್ಕೆ ಭಾರ ಹಾಕ್ಬೇಡಿ!" ಕಲ್ಲಕ್ಕ ಕೆಳಗಿನಿಂದ ಕೂಗಿದಳು.

ತಡವಾಗಿತ್ತು. ಗೂಟದ ಬದಿಯಲ್ಲಿ ಒಂದು ಗೆರೆ ಓಡಿತು.

ಟಕ್.

ಗೆರೆ ಬಾಯಿಬಿಟ್ಟಿತು. ತಲೆಬಾಗಿಲಿನಷ್ಟು ಅಗಲದ ಹಾಳೆಯೊಂದು ಗೋಡೆಯಿಂದ ಬಿಡಿಸಿಕೊಂಡು ಮಾವನ ಮಗ್ಗುಲಲ್ಲೇ ಜಾರಿ ಹೊಳೆಗೆ ಬಿತ್ತು. ಮಾವ ಒಂದೇ ಕೈಯಲ್ಲಿ ನೇತಾಡಿದರು. ಕೆಳಗೆ ಬೈರಿಗೆ ಮಾವನ ಹಗ್ಗ ಬಿಗಿಹಿಡಿದು ಹಿಂದಕ್ಕೆ ಕೂತುಬಿಟ್ಟ. ಅಂಗೈ ಸುಲಿಯಿತು, ಹಗ್ಗ ಬಿಡಲಿಲ್ಲ.

"ಸಂದಿಗೆ ಹೊಡೀಬೇಡಿ ಮಾವ," ಎಂದಳು ಕಲ್ಲಕ್ಕ, ಉಸಿರು ಮರಳಿದ ಮೇಲೆ. "ಸೌದೆಗೆ ಬೆಣೆ ಹೊಡೆದ ಹಾಗೆ ಆಗತ್ತೆ, ಸೀಳಿಕೊಂಡು ಹೋಗತ್ತೆ. ಪದರಕ್ಕೆ ಅಡ್ಡಲಾಗಿ ಹೊಡೀರಿ. ಕಷ್ಟ ಆಗತ್ತೆ, ಆದ್ರೆ ಹಿಡಿಯತ್ತೆ."

"ಮೊದಲೇ ಹೇಳೋದಲ್ವೇನೇ?"

"ಹೇಳೋಷ್ಟರಲ್ಲಿ ನೀವು ಬೆಣ್ಣೆ ಹೊಗಳ್ತಾ ಇದ್ರಿ."

ಮಾವ ಮುಂದಿನ ಗೂಟಗಳನ್ನು ಹಲ್ಲು ಕಚ್ಚಿ ಅಡ್ಡಲಾಗಿ ಬಡಿದರು. ಪ್ರತಿಯೊಂದಕ್ಕೂ ಬೈಗುಳದ ಹೂಮಾಲೆ. ಆದರೆ ಒಂದೂ ಅಲುಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೂವರೂ ಮೇಲಿನ ಕಲ್ಲಿನ ಜಗುಲಿಯ ಮೇಲೆ ನಿಂತಿದ್ದರು. ಎದುರಿಗೆ, ಹೊಸದಾಗಿ ತೆರೆದ ಕಪ್ಪು ಗೋಡೆಯಿಂದ, ಮೂಗಿನಂತೆ ಚಾಚಿಕೊಂಡ ಒಂದು ತುಂಡು. ಸಣ್ಣ ಬಿರುಕೂ ಇಲ್ಲ.

ಸುತ್ತಿಗೆ ಮುಟ್ಟುವಂತಿರಲಿಲ್ಲ. ವಜ್ರದ ಪುಡಿ ಹತ್ತಿಸಿದ ತಂತಿಯನ್ನು ಆ ಮೂಗಿನ ಬುಡಕ್ಕೆ ಸುತ್ತಿ, ಒಂದು ತುದಿ ಕಲ್ಲಕ್ಕ, ಇನ್ನೊಂದು ತುದಿ ಬೈರಿಗೆ ಹಿಡಿದರು. ಅವನು ಎಳೆದರೆ ಇವಳು ಬಿಡಬೇಕು, ಇವಳು ಎಳೆದರೆ ಅವನು. ಸುಯ್, ಸುಯ್, ಸುಯ್. ತೊಟ್ಟಿಲು ತೂಗಿದ ಲಯ. ಸಂಜೆಯ ಬಿಸಿಲು ಗೋಡೆಯ ನೆತ್ತಿ ಬಿಡುವ ಹೊತ್ತಿಗೆ ತುಂಡು ಮಾವನ ಮಡಿಲಿಗೆ ಬಂತು. ಮಗುವಿನ ದಿಂಬಿನಷ್ಟು ದೊಡ್ಡದು, ಏಳೆಂಟು ವರ್ಷದ ಮಗುವಿನಷ್ಟು ಭಾರ.

"ಗಂಡೋ ಹೆಣ್ಣೋ?" ಎಂದು ಬೈರಿಗೆ ಕೇಳಿದ. ಮೂವರೂ ನಕ್ಕರು.

ಕೆಳಗಿಳಿದು ಒಂದು ಬಂಡೆಯ ಮರೆಯಲ್ಲಿ ಬಿಡಾರ ಮಾಡಿದರು. ಮಾವನ ಮೊಣಕಾಲು ಊದಿಕೊಂಡಿತ್ತು. ಕಲ್ಲಕ್ಕ ಅದಕ್ಕೆ ಪಟ್ಟಿ ಸುತ್ತುತ್ತ, "ಕಲ್ಲನ್ನ ಚೆನ್ನಾಗಿ ಸುತ್ತಿಡು," ಎಂದು ಬೈರಿಗೆಗೆ ಹೇಳಿದಳು. ಅವನು ಸುತ್ತಿಟ್ಟ. ತುಂಬ ಅಕ್ಕರೆಯಿಂದ, ತನ್ನ ಅಂಗಿಯನ್ನೇ ಹೊಳೆಯಲ್ಲಿ ನೆನೆಸಿ, ಎರಡು ಸುತ್ತು ಸುತ್ತಿ, ಮೇಲೆ ಮತ್ತಷ್ಟು ನೀರು ಚಿಮುಕಿಸಿ ಮಲಗಿದ.

ಬೆಳಗ್ಗೆ ಅಂಗಿ ಬಿಚ್ಚಿದಾಗ ಕಲ್ಲು ಹಾಳೆ ಹಾಳೆಯಾಗಿ ಬಿಚ್ಚಿಕೊಂಡಿತ್ತು. ಯಾರೋ ಪುಟ ತಿರುವಿದ ಹಾಗೆ.

ಮೊದಲ ಸಲ ಬೈರಿಗೆಯ ಬಾಯಿ ನಿಂತಿತು. ಆಮೇಲೆ ಅವನು ತೊದಲಿದ. "ಕಾಂಕ್ರೀಟ್ ಅಚ್ಚುಗಳನ್ನ ದಿನಗಟ್ಟಲೆ ನೀರಲ್ಲೇ ಇಡ್ತೀವಲ್ಲ ಅಕ್ಕ? ನೀರು ಕುಡಿದಷ್ಟೂ ಗಟ್ಟಿ ಆಗತ್ತೆ ಅಂತ... ಜೀವಮಾನವೆಲ್ಲ ಅದನ್ನೇ ಮಾಡಿದೀನಿ..."

"ಅದು ಕಾಂಕ್ರೀಟು. ಇದು ಕೆಸರಿನ ಮಗಳು. ನೀರು ಕಂಡ್ರೆ ತವರುಮನೆ ನೆನಪಾಗತ್ತೆ, ಹೊರಟೇಬಿಡ್ತಾಳೆ." ಬೈಯಬೇಕೆಂದು ಬಾಯಿ ತೆರೆದವಳಿಗೆ ಅವನ ಸುಲಿದ ಅಂಗೈ ಕಂಡಿತು. ದನಿ ಇಳಿಯಿತು. "ನೀರು ಸೋಕಿಸ್ಬೇಡ ಅಂತ ನಾನೂ ಹೇಳಲಿಲ್ಲ. ಬಿಡು."

"ವಾಪಸ್ ಹೋಗೋಣ ಮಗಳೇ," ಎಂದರು ಮಾವ ಮೆಲ್ಲಗೆ. "ಮೋಡ ನೋಡು. ನನ್ನ ಕಾಲು ನೋಡು. ನಾಳೆ ಬೆಳಗಾದ್ರೆ ಸೋಮವಾರ. ಸೋತೆ ಅಂದ್ರೆ ಯಾರೂ ತಲೆ ತೆಗೆಯಲ್ಲ."

ಕಲ್ಲಕ್ಕ ಬಿಚ್ಚಿದ ಹಾಳೆಗಳಲ್ಲಿ ಒಂದನ್ನು ಎತ್ತಿ ಬೆರಳಿನಿಂದ ಮುರಿದಳು. ಬಿಸ್ಕತ್ತಿನ ಹಾಗೆ ಮುರಿಯಿತು.

"ಇದರ ಕೆಳಗೆ ನಿಂತು ಅಣ್ಣ ನಾಳೆ ಹಾರೆ ತಟ್ತಾನೆ ಮಾವ."

ಮಾವ ಕಾಲಿನ ಪಟ್ಟಿಯನ್ನು ಇನ್ನೊಂದು ಸುತ್ತು ಬಿಗಿದುಕೊಂಡು ಎದ್ದರು. "ಹಾಗಾದ್ರೆ ಯಾಕೆ ಇನ್ನೂ ಕೂತಿದ್ದೀರ? ಹಗ್ಗ ತನ್ನಿ."

ಈ ಸಲ ಕಲ್ಲಕ್ಕ ದಾರಿಯನ್ನು ಬದಲಿಸಿದಳು. ಎಡಬದಿ ಬೇಡ, ಬಲದ ಏಣಿನಾಚೆಯಿಂದ, ಪದರಗಳು ಬೆಟ್ಟದೊಳಕ್ಕೆ ತಲೆಯಿಟ್ಟ ಕಡೆಯಿಂದ ಹತ್ತೋಣ ಎಂದಳು. ದಾರಿ ದೂರ, ಕಡಿದು. ಮಾವ ಗೊಣಗಿದರು, ಆದರೆ ಗೂಟಗಳನ್ನೆಲ್ಲ ಆ ಕಡೆಯೇ ಹೊಡೆದರು, ಅಡ್ಡಕ್ಕೆ. ಜಗುಲಿ ಮುಟ್ಟಿದಾಗ ಮೊದಲ ಹನಿ ಬಿತ್ತು.

ಹಳೆಯ ಮೂಗಿನ ಹಿಂದೆ ಉಳಿದದ್ದು ಒಂದು ಮೋಟು ತುಂಡು. ತಂತಿ ಸುತ್ತಬೇಕಾದರೆ ಎಡತುದಿಗೆ ಹೋಗಿ, ಮೇಲಿನ ದೊಡ್ಡ ಚಪ್ಪಡಿಯ ಕೆಳಗೆ ಬಾಗಿ ನಿಲ್ಲಬೇಕು. ಕಲ್ಲಕ್ಕ ಆ ಕಡೆ ನಿಂತಳು. "ನಾನು ನಿಲ್ತೀನಿ," ಎಂದ ಬೈರಿಗೆ. "ನಿನ್ನ ಹೊಟ್ಟೆ ಅಲ್ಲಿ ಹಿಡಿಸಲ್ಲ ಕಣೋ," ಎಂದಳು.

ಸುಯ್, ಸುಯ್.

ಮಾವ ತುಂಡಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಿಡಿದು ಮಳೆ ತಡೆದರು. ತಾವು ತೊಪ್ಪೆಯಾದರು.

ಅರ್ಧ ಕೊಯ್ದಾಗ ತಲೆಯ ಮೇಲೆ ಸಣ್ಣ ಸದ್ದಾಯಿತು. ಹಳೆಯ ಮಂಚದ ಕಿರುಗುಟ್ಟುವಿಕೆ.

ಕಲ್ಲಕ್ಕ ಮೇಲೆ ನೋಡಿದಳು. ಚಪ್ಪಡಿಯ ಸಂದಿಗೆ ಮಳೆನೀರು ಇಳಿಯುತ್ತಿತ್ತು. ಇಳಿದದ್ದು ಹೊರಗೆ ಬರುತ್ತಿರಲಿಲ್ಲ.

"ಜೋರಾಗಿ ಎಳಿ," ಎಂದಳು.

"ಏನಾಯ್ತು ಅಕ್ಕ?"

"ಕೇಳ್ಬೇಡ. ಎಳಿ."

ಸುಯ್ಸುಯ್ಸುಯ್. ತಂತಿ ಬಿಸಿಯಾಯಿತು. ಕೈಗವಸಿನೊಳಗೆ ಬೆರಳುಗಳು ಮರಗಟ್ಟಿದವು. ಮತ್ತೆ ಕಿರ್ರೆಂದಿತು. ಅವಳ ಕತ್ತಿನ ಮೇಲೆ ಕಪ್ಪು ಪುಡಿ ಉದುರಿತು.

"ಬಿಟ್ಟು ಬಾರೇ!" ಮಾವ ಕೂಗಿದರು.

"ಬರಲ್ಲ! ಇನ್ನೊಂದು ಬೆರಳಿನಷ್ಟಿದೆ!"

"ನಿಮ್ಮಮ್ಮನಿಗೂ ಇದೇ ಹಟ ಇತ್ತು!"

"ನಿಮ್ಮ ಅಕ್ಕ ತಾನೆ! ಎಳಿಯೋ ಬೈರಿಗೆ!"

ತಂತಿ ಫಟ್ಟನೆ ಸಡಿಲವಾಯಿತು. ತುಂಡು ಕೈಗೆ ಬಂತು. ಬೈರಿಗೆ ಅದನ್ನು ಎದೆಗವಚಿಕೊಂಡು ಏಣಿನತ್ತ ಹೊರಳಿದ. ಮಾವ ಹಗ್ಗ ಜಗ್ಗಿದರು. ಕಲ್ಲಕ್ಕ ಹಾರಿದಳು.

ಹಿಂದೆ ಚಪ್ಪಡಿ ಹೊರಟಿತು.

ಅದು ಬೀಳಲಿಲ್ಲ, ಜಾರಿತು. ತನ್ನ ಕೆಳಗಿನ ಪದರದ ಮೇಲೆ, ಬೀರುವಿನಿಂದ ಜಾರುವ ಬಟ್ಟೆಯಷ್ಟೇ ಸದ್ದಿಲ್ಲದೆ ಹೊರಟು, ಜಗುಲಿಯ ಅಂಚಿಗೆ ಬಡಿದಾಗ ಮಾತ್ರ ಇಡೀ ಕಮರಿ ಗುಡುಗಿತು. ನಿನ್ನೆ ಹೊಡೆದ ಎಡಬದಿಯ ಗೂಟಗಳು, ಜಗುಲಿಯ ಮೇಲಿಟ್ಟ ಬೇರೆ ಹಗ್ಗಗಳು, ಬುತ್ತಿಯ ಚೀಲ ಎಲ್ಲವೂ ಅದರ ಜೊತೆಗೇ ಹೋದವು. ಹಾರಿದ ಒಂದು ಚೂರು ಮಾವನ ಭುಜಕ್ಕೆ ಬಡಿಯಿತು. ಮೂವರೂ ಏಣಿನಾಚೆ ಒಂದೇ ಗೂಟಕ್ಕೆ ನೇತುಬಿದ್ದಿದ್ದರು.

ಗೂಟ ಹಿಡಿದಿತ್ತು.

"ಕಲ್ಲು?" ಎಂದಳು ಕಲ್ಲಕ್ಕ.

"ಇದೆ," ಎಂದ ಬೈರಿಗೆ.

"ಬಿರುಕು?"

"ನನ್ನ ಪಕ್ಕೆಲುಬಲ್ಲಿ ಇದೆ. ಕಲ್ಲಲ್ಲಿಲ್ಲ."

ಅಲ್ಲೇ ನೇತಾಡುತ್ತಲೇ ತುಂಡನ್ನು ಒಣಬಟ್ಟೆಯಿಂದ ಒರೆಸಿ, ಪ್ಲಾಸ್ಟಿಕ್ ಹಾಳೆ ಸುತ್ತಿದರು. ಕೆಳಗಿಳಿದ ಮೇಲೆ ಬಿಡಾರದಲ್ಲಿದ್ದ ಮೇಣ ಕರಗಿಸಿ ಬಳಿದು, ಮೇಲೊಂದು ಕೆಳಗೊಂದು ಹಲಗೆಯಿಟ್ಟು, ಪದರಗಳು ಒಂದನ್ನೊಂದು ಅಪ್ಪಿಕೊಂಡೇ ಇರುವಂತೆ ಬೆಲ್ಟಿನಿಂದ ಬಿಗಿದರು. ಕಲ್ಲಕ್ಕ ಮೇಲ್ಮುಖಕ್ಕೆ ಒಂದು ಬಾಣದ ಗುರುತು ಹಾಕಿ, ಅಂಗೈಯಿಂದ ಒಮ್ಮೆ ತಟ್ಟಿದಳು.

ಕಮರಿಯ ಬಾಯಿಯಲ್ಲಿ ಸೊಂಟದ ಮಟ್ಟಕ್ಕಿದ್ದ ಹೊಳೆ ಈಗ ಎದೆ ಮೀರಿತ್ತು. ನೀರು ಕೆಂಪಗೆ, ಕೊಂಬೆಗಳನ್ನು ಹೊತ್ತು ಓಡುತ್ತಿತ್ತು. ಮಳೆ ನಿಲ್ಲುವವರೆಗೆ ಕಾಯಬಹುದಿತ್ತು. ಆದರೆ ಸೋಮವಾರ ಕಾಯುವುದಿಲ್ಲ. ಬೆಳಕಿರುವಾಗಲೇ ದಾಟಬೇಕೆಂದು ಕಲ್ಲಕ್ಕ ಉಳಿದ ಒಂದೇ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ಈಜಿದಳು. ಎರಡು ಸಲ ನೀರು ಅವಳನ್ನು ಎತ್ತಿ ಹಿಂದಕ್ಕೆ ಒಗೆಯಿತು. ಮೂರನೆಯ ಸಲ ಆಚೆ ದಡದ ಮರದ ಬೇರು ಕೈಗೆ ಸಿಕ್ಕಿತು. ಹಗ್ಗ ಬಿಗಿದಳು. ಮಾವ ಒಂದೇ ಕೈಯಲ್ಲಿ ಹಗ್ಗ ಹಿಡಿದು ಬಂದರು, ಇನ್ನೊಂದು ತೋಳು ಏಳುತ್ತಿರಲಿಲ್ಲ.

ಬೈರಿಗೆ ಕಲ್ಲನ್ನು ತಲೆಯ ಮೇಲೆ ಹೊತ್ತು ನೀರಿಗಿಳಿದ. ಎದೆ, ಕತ್ತು, ಗಲ್ಲ. ನಡುಹೊಳೆಯಲ್ಲಿ ಮೂಗು ಮಾತ್ರ ಕಾಣುತ್ತಿತ್ತು, ಅದರ ಮೇಲೆ ಕಲ್ಲು.

"ಜೀವಮಾನದಲ್ಲಿ ಮೊದಲ ಸಲ ತಲೆ ಉಪಯೋಗಿಸ್ತಿದ್ದಾನೆ, ನೋಡೇ!" ಎಂದರು ಮಾವ. ಹಗ್ಗವನ್ನು ಮಾತ್ರ ಕೈಯಿಂದ ಬಿಡಲಿಲ್ಲ.

ಬೈರಿಗೆ ಕಾಲು ಜಾರಿ ಮುಳುಗಿದ. ಕಲ್ಲು ಮುಳುಗಲಿಲ್ಲ. ಎರಡು ತೋಳುಗಳು ಅದನ್ನು ನೀರಿನ ಮೇಲೆಯೇ ಎತ್ತಿ ಹಿಡಿದಿದ್ದವು. ಕಲ್ಲಕ್ಕ ಮತ್ತೆ ನೀರಿಗೆ ಧುಮುಕಿ ಅವನ ಕೊರಳಪಟ್ಟಿ ಹಿಡಿದು ಎಳೆದಳು. ದಡದಲ್ಲಿ ಕೆಮ್ಮಿ ಕೆಮ್ಮಿ ನೀರು ಕಕ್ಕಿದ ಮೇಲೆ ಅವನು ಆಡಿದ ಮೊದಲ ಮಾತು: "ಒಂದು ಹನೀನೂ ಸೋಕಿಲ್ಲ ಅಕ್ಕ. ನೋಡಿ ಬೇಕಾದ್ರೆ."

ಸೋಮವಾರ ಬೆಳಗ್ಗೆ ಪರೀಕ್ಷಾಲಯದ ಬಾಗಿಲು ತೆರೆದಾಗ ಮೂವರೂ ಕೆಸರು ಮೆತ್ತಿಕೊಂಡೇ ಹೊಸ್ತಿಲಲ್ಲಿ ಕೂತಿದ್ದರು. ಕಸ ಗುಡಿಸುವಾಕೆ ಹೌಹಾರಿ ಪೊರಕೆ ಎತ್ತಿದಳು.

ಬೈರಿಗೆ ಒಬ್ಬನೇ ಕೊರೆಯುವ ಯಂತ್ರದ ಎದುರು ನಿಂತ. ಎಂದಿನಂತೆ ನೀರು ಬಿಡಲಿಲ್ಲ, ಗಾಳಿ ಊದುತ್ತ, ಮಲಗಿದ ಕೂಸಿನ ಉಗುರು ಕತ್ತರಿಸುವಷ್ಟು ನಿಧಾನವಾಗಿ ಕೊರೆದ. ಒಂದೇ ಕಲ್ಲಿನಿಂದ ನಾಲ್ಕು ದುಂಡು ತುಂಡುಗಳು ಬಂದವು. ಒಂದರಲ್ಲಿ ಪದರಗಳು ಅಡ್ಡಕ್ಕೆ, ಒಂದರಲ್ಲಿ ನೆಟ್ಟಗೆ, ಎರಡರಲ್ಲಿ ಓರೆಯಾಗಿ. ನಾಲ್ಕೂ ಇಡಿಯಾಗಿದ್ದವು.

ಮುಖ್ಯ ಇಂಜಿನಿಯರ್ ಬಂದರು. ಅಣ್ಣನೂ ಬಂದ, ಪಾಳಿಯ ಬಟ್ಟೆಯಲ್ಲೇ. ತಂಗಿಯ ತುಟಿಯ ಗಾಯ, ಮಾವನ ಜೋಳಿಗೆ ಕಟ್ಟಿದ ತೋಳು ನೋಡಿ ಬಾಗಿಲಿಗೊರಗಿ ನಿಂತ.

ಕಲ್ಲಕ್ಕ ಅಡ್ಡಪದರದ ತುಂಡನ್ನು ಯಂತ್ರಕ್ಕಿಟ್ಟಳು. ಭಾರ ತೋರಿಸುವ ಮುಳ್ಳು ಏರಿತು, ಏರಿತು, ಏರುತ್ತಲೇ ಹೋಯಿತು. ಕೊನೆಗೆ ಗುಂಡು ಹೊಡೆದಂತೆ ಸಿಡಿಯಿತು.

"ನಾನು ಹೇಳಿರಲಿಲ್ವೇ?" ಎಂದರು ಇಂಜಿನಿಯರ್. "ಗಟ್ಟಿ ಕಲ್ಲು."

ನೆಟ್ಟಗಿನ ಪದರದ್ದನ್ನು ಇಟ್ಟಳು. ಅದೂ ಚೆನ್ನಾಗಿಯೇ ತಾಳಿ, ಕೊನೆಗೆ ಸೌದೆಯಂತೆ ಉದ್ದುದ್ದಕ್ಕೆ ಸೀಳಿತು. ಇಂಜಿನಿಯರ್ ಗಡಿಯಾರ ನೋಡಿಕೊಂಡರು.

ಮೂರನೆಯದು ಓರೆ. ಮುಳ್ಳು ಏಳತೊಡಗಿತು. ಮೊದಲಿನದರ ಅರ್ಧವನ್ನೂ ಮುಟ್ಟಿರಲಿಲ್ಲ.

ಟಕ್.

ಸಿಡಿಯಲಿಲ್ಲ, ಪುಡಿಯಾಗಲಿಲ್ಲ. ಮೇಲಿನ ಅರ್ಧ ಕೆಳಗಿನ ಅರ್ಧದ ಮೇಲೆ ಓರೆಗೆ ಜಾರಿ ನಿಂತಿತು. ಒಡೆದ ಮುಖ ಸ್ಲೇಟಿನಂತೆ ನುಣುಪಾಗಿತ್ತು.

ಇಂಜಿನಿಯರ್ ಬಾಗಿ ಆ ಮುಖವನ್ನು ನೋಡಿದರು.

"ಆ ತುಂಡಲ್ಲೇ ಏನೋ ದೋಷ ಇತ್ತು," ಎಂದರು ಇಂಜಿನಿಯರ್.

"ಇರಬಹುದು ಸಾರ್. ಅದಕ್ಕೇ ಇನ್ನೊಂದು ತಂದಿದೀನಿ." ಕಲ್ಲಕ್ಕ ನಾಲ್ಕನೆಯದನ್ನು ಇಟ್ಟು ಪಕ್ಕಕ್ಕೆ ಸರಿದಳು. "ಈ ಸಲ ನೀವೇ ಒತ್ತಿ."

ಅವರು ಒತ್ತಿದರು. ಅದೇ ಟಕ್. ಅದೇ ಓರೆ. ಮುಳ್ಳು ನಿಂತದ್ದೂ ಹೆಚ್ಚು ಕಡಿಮೆ ಅಲ್ಲೇ.

"ತಿರುವಲ್ಲಿ ಕಲ್ಲು ಮಲಗಿರೋದು ಹೀಗೇ ಸಾರ್. ಸುರಂಗದ ಮಾಡಿಗೆ ನಾವು ಹೊಡೆಯೋ ಆಧಾರದ ಸರಳುಗಳು ಇರೋದು ಆ ಮೊದಲನೇ ತುಂಡಿನ ಲೆಕ್ಕಕ್ಕೆ."

"ನೋಡೋಣ, ಮೇಲಿನವರ ಹತ್ರ ಮಾತಾಡ್ತೀನಿ. ಅಲ್ಲೀವರೆಗೆ ಕೆಲಸ ನಿಲ್ಸೋಕಾಗಲ್ಲ. ಇವತ್ತಿನ ಪಾಳಿ ಹೋಗ್ಲಿ."

ಅಣ್ಣ ಯಂತ್ರದ ಬಳಿ ಬಂದು ಜಾರಿದ ಅರ್ಧವನ್ನು ಕೈಗೆತ್ತಿಕೊಂಡ. ಹೆಬ್ಬೆರಳಿನಿಂದ ನುಣುಪು ಮುಖವನ್ನು ಸವರಿದ. ಅಷ್ಟು ವರ್ಷ ಕಲ್ಲಿನ ಸದ್ದು ಕೇಳಿದ ಮನುಷ್ಯ, ಈಗ ಕೇಳಿದ ಆ ಪುಟ್ಟ ಟಕ್ ಅವನ ಮುಖದ ಬಣ್ಣವನ್ನೇ ಇಳಿಸಿತ್ತು.

"ಪಾಳಿ ಹೋಗಲ್ಲ ಸಾರ್," ಎಂದ.

"ಏನಂದ್ರಿ?"

"ಕೆಲಸ ನಿಂತ್ರೆ ಮತ್ತೆ ಶುರು ಮಾಡ್ಬಹುದು. ನನ್ನ ಜನರ ಉಸಿರು ನಿಂತ್ರೆ ಶುರು ಮಾಡೋಕೆ ನಿಮ್ಮ ಹತ್ರ ಯಂತ್ರ ಇದೆಯಾ?"

ಅವನು ಆ ತುಂಡನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೊರನಡೆದ.

ಮಧ್ಯಾಹ್ನ ಸುರಂಗದ ಬಾಯಿಯಲ್ಲಿ ಪಾಳಿಯ ಸೈರನ್ ಕೂಗಿತು. ಯಾರೂ ಏಳಲಿಲ್ಲ. ಕೆಲಸಗಾರರು ಹೆಲ್ಮೆಟ್ಟುಗಳನ್ನು ಬೋರಲು ಹಾಕಿ ಅವುಗಳ ಮೇಲೆ ಕೂತಿದ್ದರು. ಜೇಬಿನ ಕಲ್ಲು ಕೈಯಿಂದ ಕೈಗೆ ಹೋಗುತ್ತಿತ್ತು. ಎಲ್ಲರೂ ಆ ನುಣುಪು ಮುಖವನ್ನು ಸವರಿ ಪಕ್ಕದವನಿಗೆ ಕೊಟ್ಟರು. ಕಲ್ಲಕ್ಕ ಅಣ್ಣನ ಪಕ್ಕ ಕೂತು ಅವನ ಬುತ್ತಿಯ ಮೊಟ್ಟೆ ಸುಲಿಯುತ್ತಿದ್ದಳು. ಬೆರಳುಗಳು ಇನ್ನೂ ಸರಿಯಾಗಿ ಮಡಚುತ್ತಿರಲಿಲ್ಲ. ಅಣ್ಣ ಮೊಟ್ಟೆಯನ್ನು ಕಸಿದುಕೊಂಡು ತಾನೇ ಸುಲಿದು ಕೊಟ್ಟ. ಬೈರಿಗೆ ಮರಳಿನ ಗುಡ್ಡೆಯ ಮೇಲೆ ಗೊರಕೆ ಹೊಡೆಯುತ್ತಿದ್ದ. ಮಾವ ಒಂದೇ ತೋಳಿನಲ್ಲಿ ಕಮರಿಯ ಕತೆಯನ್ನು ಅಭಿನಯಿಸಿ ತೋರಿಸುತ್ತಿದ್ದರು. ಕತೆಯಲ್ಲಿ ಚಪ್ಪಡಿ ಆಗಲೇ ಒಂದು ಮನೆಯಷ್ಟು ದೊಡ್ಡದಾಗಿತ್ತು.

ಎರಡನೆಯ ಸೈರನ್ ಕೂಗಿತು. ಅದಕ್ಕೂ ಯಾರೂ ಏಳಲಿಲ್ಲ.

ಬಹಳ ಹೊತ್ತಿನ ಮೇಲೆ ಜೀಪೊಂದು ಬಂದು ನಿಂತಿತು. ಮುಖ್ಯ ಇಂಜಿನಿಯರ್ ಇಳಿದರು. ಕೂತವರನ್ನು ಒಮ್ಮೆ ನೋಡಿದರು, ಕತ್ತಲ ಸುರಂಗವನ್ನು ಒಮ್ಮೆ ನೋಡಿದರು. ತಿರುವಿನ ನಕ್ಷೆಯನ್ನು ಜೀಪಿನ ಬಾನೆಟ್ಟಿನ ಮೇಲೆ ಹರಡಿ, ಗಾಳಿಗೆ ಹಾರದಂತೆ ಎರಡೂ ಕೈ ಊರಿ ನಿಂತರು.

"ಬನ್ನಿ," ಎಂದರು, ಕಲ್ಲಕ್ಕನ ಕಡೆ ನೋಡದೆ. "ಆಧಾರ ಎಲ್ಲೆಲ್ಲಿ ಬೇಕು, ತೋರಿಸಿ."

ಕಲ್ಲಕ್ಕ ಎದ್ದು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಪೆನ್ಸಿಲ್ ತೆಗೆದುಕೊಂಡಳು. ಪದರದ ಓರೆಯನ್ನು ಮೊದಲು ಬರೆದಳು. ಆಮೇಲೆ ಅದನ್ನು ಅಡ್ಡಲಾಗಿ ಕತ್ತರಿಸಿ ಹೋಗುವ ಸರಳುಗಳ ಉದ್ದುದ್ದ ಗೆರೆಗಳು, ಒಂದರ ಪಕ್ಕ ಒಂದು, ಇನ್ನೊಂದು. ನಕ್ಷೆಯ ತಿರುವು ಬಾಚಣಿಗೆಯ ಹಲ್ಲುಗಳಂತೆ ತುಂಬುತ್ತ ಹೋಯಿತು. ಅಣ್ಣ ಅವಳ ಹೆಗಲಮೇಲಿನಿಂದ ಬಾಗಿ ನೋಡುತ್ತಿದ್ದ.

"ಇಷ್ಟೊಂದು ಹತ್ತಿರಾನಾ?" ಎಂದರು ಇಂಜಿನಿಯರ್.

"ಇರಿ ಸಾರ್," ಎಂದಳು ಕಲ್ಲಕ್ಕ, ತಲೆ ಎತ್ತದೆ. "ಇನ್ನೂ ಬರೀತಿದೀನಿ."